ಮೀಟರಪ್ಪನ ವಜ್ರದ ಕಲ್ಲು

ನಿವೃತ್ತಿಯಾದ ಗಂಡಸು ಮನೆಯಲ್ಲಿ ಕೂತರೆ ಮನೆಗೆ ಒಂದಲ್ಲ ಒಂದು ರೋಗ ತಗುಲುತ್ತದೆ. ಮೀಟರಪ್ಪನ ಮನೆಗೆ ಮೊದಲು ತಗುಲಿದ್ದು ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವ ಹುಚ್ಚು. ಮೀನುಗಳು ಸತ್ತು ಪಾರಾದವು. ಆಮೇಲೆ ಬಂದದ್ದು ಕೊಳಲು. ಪಕ್ಕದ ಮನೆಯವರು ಬಾಗಿಲು ಬಡಿದು ಅದನ್ನು ಗುಣಪಡಿಸಿದರು. ಮೂರನೆಯದು ಚಾಕು ಮಸೆಯುವುದು. ಇದಕ್ಕೆ ಮಾತ್ರ ಯಾರ ಹತ್ತಿರವೂ ಮದ್ದಿರಲಿಲ್ಲ.

ಕೆಲಸದಲ್ಲಿದ್ದಷ್ಟು ಕಾಲ ಅವನು ಕಂಡವರ ಮನೆಯ ಕರೆಂಟ್ ಮೀಟರ್ ಓದುತ್ತಿದ್ದ. ಊರಿನ ಅರ್ಧ ಮನೆಗಳ ಒಳಹೊಕ್ಕು ಬಂದ ಮನುಷ್ಯ. ಯಾವ ಮನೆಯಲ್ಲಿ ಜಗಳವಾಗುತ್ತಿತ್ತು, ಯಾವ ಮನೆಯ ಅಜ್ಜಿ ಹಾಸಿಗೆ ಹಿಡಿದಿದ್ದಳು ಎಂದು ಕೇಳಿ ನೋಡಿ, ಪಾಪ, ಅವನಿಗೆ ಗೊತ್ತಿಲ್ಲ. ಮೀಟರಿನ ಅಂಕಿ ಕೇಳಿ, ಇವತ್ತಿಗೂ ಗಿಣಿಯ ಹಾಗೆ ಒಪ್ಪಿಸುತ್ತಾನೆ. ಹೆಂಡತಿಯನ್ನು ಮೊದಲ ಸಲ ಕಂಡದ್ದೂ ಹೀಗೇ. ಅವಳ ತವರಿನಲ್ಲಿ ಮೀಟರ್ ಇದ್ದದ್ದು ಮೆಟ್ಟಿಲ ಕೆಳಗಿನ ಕತ್ತಲಲ್ಲಿ. ಅವಳು ಟಾರ್ಚ್ ಹಿಡಿದು ನಿಂತಿದ್ದಳು, ಇವನು ಓದಿಕೊಂಡ. ಮನೆಗೆ ಬಂದ ನೆಂಟರಿಗೆಲ್ಲ ಈ ಕಥೆ ಹೇಳಿ, ಕೊನೆಗೆ, "ರೀಡಿಂಗ್ ಎಷ್ಟಿತ್ತು ಹೇಳ್ಲಾ? ನಾಲ್ಕು ಸಾವಿರದ ಏಳ್ನೂರ ಹದಿನೆಂಟು!" ಎಂದು ಎದೆಯುಬ್ಬಿಸುತ್ತಿದ್ದ. ನೆಂಟರು ಇದನ್ನು ಪ್ರೇಮಕಥೆ ಎಂದುಕೊಂಡು ನಗುತ್ತಿದ್ದರು. ಅವಳು ಲೋಟ ತೆಗೆಯುವ ನೆಪದಲ್ಲಿ ಒಳಗೆ ಹೋಗುತ್ತಿದ್ದಳು.

ಬೀದಿಯವರು ಅವನನ್ನು ಮೀಟರಪ್ಪ ಅನ್ನುತ್ತಿದ್ದರು, ಅವಳನ್ನು ಮೀಟರಮ್ಮ. ಈ ಎರಡನೆಯ ಹೆಸರು ಕಿವಿಗೆ ಬಿದ್ದರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಅವಳಿಗೆ ಅವಳದೇ ಕೆಲಸವಿತ್ತು. ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ತರಕಾರಿ ಹೆಚ್ಚುವ ಉದ್ದನೆಯ ಮೇಜಿಗೆ ಅವಳೇ ಯಜಮಾನಿ. ಅಲ್ಲಿ ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಿದ್ದರು. ನಾವೂ ಹಾಗೇ ಕರೆಯೋಣ.

ಅಕ್ಕ ಎಡಚಿ. ಶಾಲೆಯಲ್ಲಿ ಮೇಷ್ಟ್ರು ಗೆಣ್ಣಿಗೆ ಸ್ಕೇಲಿನಿಂದ ಬಾರಿಸಿ ಪೆನ್ಸಿಲನ್ನು ಬಲಗೈಗೆ ದಾಟಿಸಿದ್ದರು. ಅಮ್ಮ ಗದರಿಸಿ ತುತ್ತನ್ನು ದಾಟಿಸಿದ್ದಳು. ಚಾಕು, ಸೂಜಿ, ಪೊರಕೆ, ಬಾಚಣಿಗೆಗಳ ವಿಷಯದಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ, ಅವು ಎಡಗೈಯಲ್ಲೇ ಉಳಿದವು. ಕ್ಯಾಂಟೀನಿನ ಹೆಂಗಸರಿಗೆ ಇದು ಮೊದಲ ದಿನವೇ ಗೊತ್ತಾಯಿತು, ಪಕ್ಕದಲ್ಲಿ ನಿಂತರೆ ಮೊಣಕೈಗೆ ಮೊಣಕೈ ತಾಗುತ್ತಿತ್ತಲ್ಲ. ಮಗಳಿಗೆ ಜಡೆ ಹೆಣೆಸಿಕೊಳ್ಳುವ ವಯಸ್ಸಿನಲ್ಲೇ ಗೊತ್ತಿತ್ತು. ಒಂದೇ ಸೂರಿನ ಕೆಳಗಿದ್ದ ಗಂಡನಿಗೆ ಗೊತ್ತಿರಲಿಲ್ಲ. ಮೊದಮೊದಲು ಅವಳಿಗೆ ಇದು ತಮಾಷೆಯಾಗಿತ್ತು. ಆಮೇಲೆ ಪಂದ್ಯವಾಯಿತು. ನೋಡೋಣ, ಈ ಮನುಷ್ಯ ಯಾವತ್ತು ಕಣ್ಣು ಬಿಡುತ್ತಾನೆ ಎಂದು ಬಾಯಿ ಮುಚ್ಚಿಕೊಂಡಳು. ಮಗಳು ಓದು ಮುಗಿಸಿ, ಕೆಲಸಕ್ಕೆ ಸೇರಿ, ಮದುವೆಯಾಗಿ ಹೋದಳು. ಅವನು ಕಣ್ಣು ಬಿಡಲಿಲ್ಲ. ಪಂದ್ಯ ಹಳಸಿ ತಾತ್ಸಾರವಾಗಿ ಕೂತಿತು.

ಅವಳ ಚಾಕು ಹಳೆಯ ಹೆಡ್ ಕುಕ್ ಕೆಲಸ ಬಿಡುವಾಗ ಕೊಟ್ಟು ಹೋಗಿದ್ದು. ತೆಳುವಾದ ಅಲಗು, ಕಪ್ಪು ಹಿಡಿ, ಹಿಡಿಯಲ್ಲಿ ಅವಳ ಹೆಬ್ಬೆರಳು ಕೂತು ಕೂತು ಆದ ಗುಳಿ. ಕ್ಯಾಂಟೀನಿನ ಚಾಕುಗಳನ್ನು ಕಂಡರೆ ಟೊಮೆಟೊ ಕೂಡ ಹೆದರುತ್ತಿರಲಿಲ್ಲ, ಹಾಗಾಗಿ ತನ್ನದನ್ನು ಬಟ್ಟೆಯಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡೇ ಹೋಗಿಬರುತ್ತಿದ್ದಳು. ಮೊಂಡಾಯಿತು ಅನ್ನಿಸಿದರೆ ಪಿಂಗಾಣಿ ಬಟ್ಟಲನ್ನು ಬೋರಲು ಹಾಕಿ ಅದರ ತಳದ ಒರಟು ಅಂಚಿಗೆ ಆ ಬದಿ ಒಂದಷ್ಟು, ಈ ಬದಿ ಒಂದಷ್ಟು ಎಳೆಯುತ್ತಿದ್ದಳು. ಅಷ್ಟೇ ಅವಳ ವಿದ್ಯೆ.

ಮೀಟರಪ್ಪನಿಗೆ ವಿದ್ಯೆ ಬಂದದ್ದು ಫೋನಿನಿಂದ. ಯಾವನೋ ಗಡ್ಡದವನು ಗಾಳಿಯಲ್ಲಿ ಹಿಡಿದ ಕಾಗದವನ್ನು ಚಾಕುವಿನಿಂದ ಸರಕ್ಕನೆ ಸೀಳುವುದನ್ನು ಕಂಡ, ಅವತ್ತಿನಿಂದ ನಿದ್ದೆ ಬಿಟ್ಟ. ಪಾರ್ಸೆಲ್ ಬಂತು. ಒಳಗೆ ವಜ್ರದ ಪುಡಿ ಅಂಟಿಸಿದ ಉಕ್ಕಿನ ಹಲಗೆಗಳು, ಒರಟಿನದೊಂದು ನುಣುಪಿನದೊಂದು, ಜೊತೆಗೆ ಹಾಲಿನಂತೆ ಬೆಳ್ಳಗಿದ್ದ ಸೆರಾಮಿಕ್ ಕಲ್ಲು. ಮಂಗನ ಕೈಗೆ ಮಾಣಿಕ್ಯ ಕೊಟ್ಟಂತೆ ಅನ್ನುತ್ತಾರೆ, ಇವನ ಕೈಗೆ ವಜ್ರವೇ ಬಂತು.

"ಇದು ಸಾಣೆ ಕಲ್ಲಲ್ಲ ಕಣೇ, ವಿಜ್ಞಾನ," ಎಂದ ಊಟದ ಮೇಜಿನ ಮೇಲೆ ಅವನ್ನೆಲ್ಲ ಹರಡಿಕೊಂಡು. "ಒರಟು ವಜ್ರ ಅಂಚು ಎಬ್ಬಿಸುತ್ತೆ, ನುಣುಪು ವಜ್ರ ಅದನ್ನ ತಿದ್ದುತ್ತೆ, ಸೆರಾಮಿಕ್ ಹೊಳಪು ಕೊಡುತ್ತೆ. ನಿನ್ನ ಬಟ್ಟಲು ಉಜ್ಜೋ ಕಾಲ ಹೋಯ್ತು."

"ಊಟ ಎಲ್ಲಿ ಬಡಿಸ್ಲಿ?"

"ಒಂದಿನ ನೆಲದ ಮೇಲೆ ಉಂಡ್ರೆ ಏನು ಗಂಟು ಹೋಗುತ್ತೆ?"

ಆ ಒಂದು ದಿನ ಮುಗಿಯಲೇ ಇಲ್ಲ. ಮನೆಯ ಚಾಕುಗಳು ಒಂದೊಂದಾಗಿ ಅವನ ಕೈಗೆ ಸಿಕ್ಕವು. ಹಣ್ಣಿನ ಚಾಕು ಸವೆದು ಕಿವಿ ಕೆರೆಯುವ ಕಡ್ಡಿಯಂತಾಯಿತು. ಬ್ರೆಡ್ ಹೆಚ್ಚುವ ಗರಗಸದ ಚಾಕುವಿನ ಹಲ್ಲುಗಳನ್ನೆಲ್ಲ ತೇಯ್ದು ನುಣ್ಣಗೆ ಮಾಡಿ, "ನೋಡು, ಎಷ್ಟು ಒರಟಾಗಿತ್ತು!" ಎಂದ. ಅಯ್ಯೋ ನಿನ್ನ ಬುದ್ಧಿಗಿಷ್ಟು! ಹಲ್ಲಿಲ್ಲದ ಆ ಚಾಕು ಅಂದಿನಿಂದ ಬ್ರೆಡ್ಡನ್ನು ಕತ್ತರಿಸುವುದು ಬಿಟ್ಟು ಹಿಚುಕತೊಡಗಿತು. ಬೆಳಗಿನ ಪೇಪರ್ ಓದುವ ಮೊದಲೇ ಎಳೆಎಳೆಯಾಗಿ ಸೀಳಿ ಬೀಳುತ್ತಿತ್ತು. ಹರಿತ ನೋಡಲು ಮುಂಗೈ ಕೂದಲು ಬೋಳಿಸಿ ಬೋಳಿಸಿ ಅವನ ಒಂದು ಕೈ ಸುಲಿದ ಆಲೂಗಡ್ಡೆಯಂತಾಗಿತ್ತು. ಪಕ್ಕದ ಮನೆಯಾಕೆ ಉಪಕಾರವಾಗುತ್ತದೆಂದು ತನ್ನ ಚಾಕು ಕೊಟ್ಟಳು. ಮೂತಿ ಮುರಿದ ಅದನ್ನು ವಾಪಸು ಪಡೆದು, ಎರಡು ದಿನ ಮಾತು ಬಿಟ್ಟಳು.

ಅಕ್ಕ ಒಂದೇ ಮಾತು ಹೇಳಿದ್ದಳು. "ನನ್ನ ಚಾಕು ಮಾತ್ರ ಮುಟ್ಬೇಡಿ."

ಅದೇ ಹೊತ್ತಿಗೆ ಕ್ಯಾಂಟೀನಿಗೆ ತರಕಾರಿ ಹೆಚ್ಚುವ ಯಂತ್ರ ಬಂತು. ಮೇಜು ತೆಗೆದುಹಾಕಿದರು. ಹೆಂಗಸರನ್ನು ಪಾತ್ರೆ ತೊಳೆಯುವಲ್ಲಿಗೆ ಅಟ್ಟಿದರು. ಯಂತ್ರಕ್ಕೆ ತೆಳ್ಳಗೆ ಹೆಚ್ಚಲು ಬಾರದ ಕಾರಣ ಅಧಿಕಾರಿಗಳ ಮೇಜಿನ ಹಸಿ ತರಕಾರಿಗೆ ಒಬ್ಬರನ್ನು ಉಳಿಸಿಕೊಳ್ಳುತ್ತೇವೆ ಎಂದರು. ಅದಕ್ಕೆ ಇಬ್ಬರ ಹೆಸರಿತ್ತು. ಒಬ್ಬಳು ಅಕ್ಕ. ಇನ್ನೊಬ್ಬ ಅಡಿಗೆ ಕಾಲೇಜಿನಿಂದ ಬಂದಿದ್ದ ಹುಡುಗ. ಅವನಿಗೆ ಎಲ್ಲರೂ ಟೋಪಿ ಅನ್ನುತ್ತಿದ್ದರು, ಯಾಕೆಂದರೆ ಅವನಲ್ಲಿ ಎದ್ದು ಕಾಣುತ್ತಿದ್ದದ್ದು ಅದೊಂದೇ. ಸೋಮವಾರ ಈಗಿನ ಹೆಡ್ ಕುಕ್ ಇಬ್ಬರ ಕೈಯನ್ನೂ ನೋಡುವುದೆಂದಾಯಿತು. ಸೋತರೆ ಅಕ್ಕನಿಗೂ ಪಾತ್ರೆಯ ರಾಶಿಯೇ ಗತಿ. ಇಷ್ಟು ಕಾಲ ತಾನು ಯಜಮಾನಿಯಾಗಿ ನಿಂತ ಜಾಗದಲ್ಲಿ ಬೂದು ನೀರಿನೊಳಗೆ ಕೈ ಅದ್ದಿ ನಿಲ್ಲುವುದನ್ನು ನೆನೆದರೆ ಅವಳಿಗೆ ಅನ್ನ ಸೇರುತ್ತಿರಲಿಲ್ಲ.

ಭಾನುವಾರ ಅವಳು ತಂಗಿಯ ಮನೆಗೆ ಹೋದಳು, ಚೀಲ ಮನೆಯಲ್ಲೇ ಇತ್ತು. ಸಂಜೆ ಬಂದಾಗ ಮೀಟರಪ್ಪ ಬಾಗಿಲಲ್ಲೇ ನಿಂತಿದ್ದ, ಕೈಯಲ್ಲಿ ಅವಳ ಚಾಕು.

"ಬೈಬೇಡ, ಮೊದ್ಲು ನೋಡು. ನಾಳೆ ಪರೀಕ್ಷೆ ಅಂದ್ಯಲ್ಲ, ಅದಕ್ಕೇ ಬೆಳಿಗ್ಗೆಯಿಂದ ಕೂತು ಮಸೆದೆ. ಊಟಾನೂ ಮಾಡಿಲ್ಲ. ದೊಡ್ಡ ದೊಡ್ಡ ಉಸ್ತಾದ್‌ಗಳು ಹೀಗೇ ಒಂದೇ ಬದಿ ಮಸೆಯೋದು. ಬಲಗಡೆ ಇಳಿಜಾರು, ಎಡಗಡೆ ಚಪ್ಪಟೆ. ಬಲಗೈಲಿ ಹಿಡಿದು ಹೆಚ್ಚಿದ್ರೆ ಕಾಗದದ ಹಾಗೆ ತೆಳ್ಳಗೆ ಬರುತ್ತೆ!"

ಅಕ್ಕ ಚಾಕು ತೆಗೆದುಕೊಂಡು ದೀಪದ ಕೆಳಗೆ ಹಿಡಿದಳು. ಅಲಗು ಒಂದು ಬೆರಳಿನಷ್ಟು ಸವೆದಿತ್ತು. ಒಂದು ಮುಖ ಹಲಗೆಯಂತೆ ಚಪ್ಪಟೆ, ಇನ್ನೊಂದು ಮುಖ ಜಾರುಬಂಡೆ. ಆಗಲೇ ಹೇಳಬಹುದಿತ್ತು. ನಾನು ಎಡಚಿ ಕಣ್ರೀ, ಎಂಬ ಒಂದು ಮಾತು. ಹೇಳಲಿಲ್ಲ. ಅವನ ಮುಖದಲ್ಲಿದ್ದ ಸಂತೋಷ ನೋಡಿ ಅವಳಿಗೆ ಎಷ್ಟು ರೋಸಿಹೋಯಿತೆಂದರೆ, ಇವನಿಗೆ ಹೇಳಿ ತಿಳಿಸುವುದೇ ತನಗೆ ಅವಮಾನ ಅನ್ನಿಸಿತು. ಹರಿತವೇನೋ ಇದೆ, ಕೈ ಹೇಗೋ ಹೊಂದಿಕೊಂಡೀತು ಎಂದು ಬಟ್ಟೆಯಲ್ಲಿ ಸುತ್ತಿಟ್ಟಳು.

ಕೈ ಹೊಂದಿಕೊಳ್ಳಲಿಲ್ಲ. ಸೋಮವಾರ ಸೌತೆಕಾಯಿಯ ಮೇಲೆ ಅಲಗು ಇಳಿಸುತ್ತಲೇ ಅದು ಎಡಕ್ಕೆ ಎಳೆಯಿತು. ಬಿಲ್ಲೆ ಮೇಲೆ ದಪ್ಪ, ಕೆಳಗೆ ತೆಳ್ಳಗೆ. ಮತ್ತೊಂದು ಹೆಚ್ಚಿದಳು, ಅದೂ ಹಾಗೇ. ಹೆಡ್ ಕುಕ್ ಒಂದು ಬಿಲ್ಲೆಯನ್ನು ಎತ್ತಿ ಹಿಡಿದು, "ಅಕ್ಕಾ, ಇದೇನು, ಸೌತೆಕಾಯಿ ಹೆಚ್ಚಿದ್ದೀರೋ, ಬಾಗಿಲಿಗೆ ಬೆಣೆ ಕೆತ್ತಿದ್ದೀರೋ?" ಎಂದ.

"ಚಾಕು ಎಳೀತಿದೆ."

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ," ಎಂದು ಟೋಪಿ ತನ್ನ ಹಲಗೆಗೆ ಹೇಳಿಕೊಂಡ.

ಅಕ್ಕ ಸಿಟ್ಟಿನಲ್ಲಿ ಅಲಗನ್ನು ಬಲಕ್ಕೆ ಒತ್ತಿ ಹಿಡಿದು ಹೆಚ್ಚಲು ಹೋದಳು. ಅದು ಸೌತೆಕಾಯಿ ಬಿಟ್ಟು ಹಾರಿ, ತರಕಾರಿ ಹಿಡಿದುಕೊಂಡಿದ್ದ ಬಲಗೈಯ ತೋರುಬೆರಳನ್ನು ಸೀಳಿತು. ರಕ್ತ ಕಂಡ ಹೆಡ್ ಕುಕ್ಕಿಗೆ ಕನಿಕರ ಬಂತು. "ಬಟ್ಟೆ ಕಟ್ಕೊಳ್ಳಿ. ಶನಿವಾರ ಇನ್ನೊಂದ್ಸಲ ನೋಡೋಣ. ಆದ್ರೆ ಅಕ್ಕಾ, ಅದೇ ಕೊನೆ," ಎಂದ. ಅವನ ಕನಿಕರ ಬೆರಳಿಗಿಂತ ಹೆಚ್ಚು ಉರಿಯಿತು.

ಸಂಜೆ ಮೀಟರಪ್ಪ ಬ್ಯಾಂಡೇಜು ಕಂಡು ಗಾಬರಿಯಾದ, ನಿಜ. ಬೆರಳನ್ನು ಹಿಡಿದು ತಿರುಗಿಸಿ ನೋಡಿದ. ಆಮೇಲೆ ಅವನ ಒಳಗಿದ್ದ ಪಂಡಿತ ಎದ್ದು ಕೂತ.

"ಇದು ಬಲಗೈ ಅಲ್ವಾ? ಚಾಕು ಹಿಡಿದಿರೋ ಕೈ ಹೇಗೆ ಕುಯ್ಯುತ್ತೆ? ಗಾಯ ಆದ್ರೆ ಎಡಗೈಗೆ ಆಗ್ಬೇಕು. ಎಂಥ ಹೆಂಗ್ಸು ನೀನು, ಕೈ ಕುಯ್ಕೊಳ್ಳೋದಕ್ಕೂ ಒಂದು ಕ್ರಮ ಬೇಡ್ವಾ?"

ಅಕ್ಕ ಅವನ ಮುಖ ನೋಡಿದಳು. ಸಾಕ್ಷಿ ಅವನ ಅಂಗೈಯಲ್ಲೇ ಇತ್ತು, ಬೆರಳಿನ ರೂಪದಲ್ಲಿ, ಬಿಸಿಯಾಗಿ. ಅದನ್ನು ಹಿಡಿದುಕೊಂಡೇ ಅವನು ತಪ್ಪು ಲೆಕ್ಕ ಬರೆಯುತ್ತಿದ್ದ. ಅವಳಿಗೆ ಅಳು ಬರಬೇಕಿತ್ತು, ಹೇಸಿಗೆ ಬಂತು. ಬೆರಳು ಬಿಡಿಸಿಕೊಂಡಳು.

"ಮಸೆಯೋದು ನನಗೂ ಹೇಳ್ಕೊಡಿ," ಎಂದಳು.

ಅವನಿಗೆ ಆಕಾಶ ಮೂರೇ ಗೇಣು. ಮರುದಿನದಿಂದಲೇ ಪಾಠ ಶುರುವಾಯಿತು. ಕಿವಿ ಕಡ್ಡಿಯಂತಾಗಿದ್ದ ಹಣ್ಣಿನ ಚಾಕುವನ್ನೇ ಅವಳಿಗೆ ಕೊಟ್ಟ, ಹೊಸಬರಿಗೆ ಒಳ್ಳೆ ಚಾಕು ಕೊಡಬಾರದಂತೆ. ಹಲಗೆಯ ಕೆಳಗೆ ಒದ್ದೆ ಬಟ್ಟೆ, ಮೇಲೆ ಒಂದಿಷ್ಟು ನೀರು. ಅಂಚಿಗೆ ಮಾರ್ಕರ್ ಪೆನ್ನಿನಿಂದ ಕಪ್ಪು ಬಳಿದು ಒಂದು ಸಲ ಎಳೆಯಬೇಕು. ಕಪ್ಪು ಎಲ್ಲಿ ಅಳಿಸಿತೋ ಕಲ್ಲು ಅಲ್ಲಿ ತಾಗುತ್ತಿದೆ ಎಂದರ್ಥ. "ವಜ್ರಕ್ಕೆ ಭಾರ ಹಾಕ್ಬಾರ್ದು, ಅದಕ್ಕೆ ಹಗುರ ಕೈ ಸಾಕು," ಎಂದು ಹೇಳಿಕೊಡುತ್ತಾ ತಾನು ಮಾಡಿ ತೋರಿಸುವಾಗ ಅರ್ಧ ದೇಹವನ್ನೇ ಕಲ್ಲಿನ ಮೇಲೆ ಹೇರುತ್ತಿದ್ದ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ.

ಆದರೆ ಶಾಸ್ತ್ರ ಸುಳ್ಳಾಗಿರಲಿಲ್ಲ. ಇದನ್ನು ಅಕ್ಕ ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿಕೊಂಡಳು. ಒಂದು ಬದಿ ಸಾಕಷ್ಟು ಮಸೆದ ಮೇಲೆ ಅಂಚಿನ ಆಚೆ ಬದಿಗೆ ಕಣ್ಣಿಗೆ ಕಾಣದ ಉಕ್ಕಿನ ತರಿಯೊಂದು ಏಳುತ್ತದೆ ಎಂದು ಅವನು ಹೇಳಿದ್ದ. ಹೆಬ್ಬೆರಳನ್ನು ಮೆಲ್ಲಗೆ ಹೊರಕ್ಕೆ ಸವರಿದಾಗ ಅದು ನಿಜವಾಗಿಯೂ ಚುಚ್ಚಿತು. ಆ ತರಿಯನ್ನು ಸೆರಾಮಿಕ್ಕಿನ ಮೇಲೆ ತೆಗೆಯದಿದ್ದರೆ ಚಾಕು ಒಂದು ದಿನ ಮೆರೆದು ಮರುದಿನ ಮೊಂಡಾಗುತ್ತದೆ ಎಂದೂ ಅವನೇ ಹೇಳಿದ್ದ. ಬಟ್ಟಲಿನ ತಳ ಇಷ್ಟು ದಿನ ತನಗೆ ಮಾಡಿಕೊಡುತ್ತಿದ್ದದ್ದು ಇದನ್ನೇ ಎಂದು ಅವಳಿಗೆ ಆಗ ತಿಳಿಯಿತು. ಬಾಯಿಗೆ ಇಷ್ಟು ಗೊತ್ತಿದ್ದೂ ಕೈಗೆ ಏನೂ ಗೊತ್ತಿಲ್ಲದ ಗಂಡಸನ್ನು ಅವಳು ಬೇರೆಲ್ಲೂ ಕಂಡಿರಲಿಲ್ಲ.

ಅವಳು ಚಾಕುವನ್ನು ಎಡಗೈಯಲ್ಲಿ ಹಿಡಿದೇ ಮಸೆಯುತ್ತಿದ್ದಳು. ಅವನು ಅದನ್ನು ಕಣ್ಣಾರೆ ನೋಡಿದ. "ಭೇಷ್! ಬದಿ ಬದಲಾಯಿಸುವಾಗ ಕೈಯನ್ನೂ ಬದಲಾಯಿಸ್ಬೇಕು ಅಂತ ನಾನು ಹೇಳೋ ಮೊದ್ಲೇ ಕಲ್ತಿದ್ದೀಯ," ಎಂದ. ಅವಳು ಕೈ ಬದಲಾಯಿಸಿಯೇ ಇರಲಿಲ್ಲ. ಅವನ ಕಣ್ಣು ಕಲ್ಲಿಗೂ ಅಲಗಿಗೂ ನಡುವಿನ ಕೋನದ ಮೇಲೆ ನೆಟ್ಟಿತ್ತು. ಮೀಟರ್ ನೋಡುವವನ ಕಣ್ಣು, ಇನ್ನೆಲ್ಲಿ ಹೋದೀತು!

ನಿಜವಾದ ಕೆಲಸವನ್ನು ಅವಳು ತನ್ನ ಚಾಕುವಿನ ಮೇಲೆ ಬೆಳಿಗ್ಗೆ, ಅವನು ವಾಕಿಂಗಿಗೆ ಹೋದಾಗ ಮಾಡಿದಳು. ಮೊದಲ ಬೆಳಿಗ್ಗೆ ಅವಸರಪಟ್ಟು ಭಾರ ಹಾಕಿ ಅಲಗಿನ ತುದಿಯನ್ನೇ ಉರುಟು ಮಾಡಿದಳು. "ಥೂ, ನಾನೂ ಇವನ ಜಾತಿಗೇ ಸೇರಿದೆ," ಎಂದು ತನಗೇ ಉಗಿದುಕೊಂಡಳು. ಎರಡು ಬದಿಯನ್ನೂ ಮೊದಲಿನ ಹಾಗೆ ಸಮ ಮಾಡುವುದಷ್ಟೇ ಅವಳ ಉದ್ದೇಶವಾಗಿತ್ತು. ಆದರೆ ಮಸೆಯುತ್ತಾ ಮಸೆಯುತ್ತಾ, ಒಂದೇ ಬದಿ ಮಸೆದದ್ದು ಬಲಗೈಯವನಿಗೆ ಅಷ್ಟು ಚೆನ್ನಾಗಿ ಒದಗುವುದಾದರೆ, ಅದನ್ನೇ ತಿರುವುಮುರುವು ಮಾಡಿದರೆ ನನಗೇಕೆ ಒದಗಬಾರದು ಎಂಬ ಯೋಚನೆ ಬಂತು. ಅವನ ಇಳಿಜಾರನ್ನು ತೇಯ್ದು ಚಪ್ಪಟೆ ಮಾಡಿದಳು. ಅವನ ಚಪ್ಪಟೆಯ ಮೇಲೆ ತನ್ನ ಇಳಿಜಾರು ತಂದಳು. ಚಾಕು ಇನ್ನಷ್ಟು ಸವೆದು ಸಣಕಲಾಯಿತು, ಭುಜ ಹಿಡಿದುಕೊಂಡಿತು, ಬಿಳಿಯ ಸೆರಾಮಿಕ್ಕಿನ ಮೇಲೆ ಉಕ್ಕಿನ ಕಪ್ಪು ಗೀಟುಗಳು ಕೂತವು. ಕಲ್ಲನ್ನು ಪಾತ್ರೆ ತಿಕ್ಕುವ ಪುಡಿಯಿಂದ ತಿಕ್ಕಿ ತೊಳೆದು, ಇದ್ದ ಜಾಗದಲ್ಲೇ ಇಟ್ಟು ಕೆಲಸಕ್ಕೆ ಹೋಗುತ್ತಿದ್ದಳು.

ಶನಿವಾರ ಅವಳ ಹಲಗೆಯ ಮೇಲೆ ಸೌತೆಕಾಯಿಯ ಬಿಲ್ಲೆಗಳು ಒಂದರ ಮೇಲೊಂದು ಒರಗಿ ಬಿದ್ದವು. ಹೆಡ್ ಕುಕ್ ಒಂದನ್ನೆತ್ತಿ ಕಿಟಕಿಗೆ ಹಿಡಿದ. ಆಚೆಯ ಚಿಮಣಿ ಮಸುಕಾಗಿ ಕಾಣಿಸಿತು. ಟೋಪಿ ತನ್ನ ಟೊಮೆಟೊಗಳನ್ನು ಹೆಚ್ಚಿರಲಿಲ್ಲ, ಹಿಂಡಿ ಅಳಿಸಿದ್ದ.

"ಇದು ನಮ್ಮ ಅಕ್ಕ!" ಎಂದ ಹೆಡ್ ಕುಕ್. ಟೋಪಿ ಅವಳ ಚಾಕು ಇಸಿದುಕೊಂಡು ತಾನೂ ಒಂದು ಬಿಲ್ಲೆ ಹೆಚ್ಚಿ ನೋಡಿದ. ಬೆಣೆಯಾಯಿತು. ಅಕ್ಕನಿಗೆ ಆದ ಖುಷಿ ಮನೆಗೆ ಬರುವವರೆಗೂ ಇಳಿಯಲಿಲ್ಲ.

ಮಾರನೆಯ ದಿನ ಮಗಳೂ ಅಳಿಯನೂ ಬಂದರು. ಅಮ್ಮನ ಕೆಲಸ ಉಳಿಯಿತೆಂಬ ಸುದ್ದಿಗೆ ಮಗಳು ಪರಂಗಿ ಹಣ್ಣು ತಂದಿದ್ದಳು. ಮೀಟರಪ್ಪ ಅಳಿಯನ ಮುಂದೆ ಕಲ್ಲುಗಳನ್ನು ಹರಡಿದ.

"ಉಳೀದೆ ಏನು ಮಾಡುತ್ತೆ? ಬೆಳಿಗ್ಗೆಯಿಂದ ಸಂಜೆವರೆಗೆ ಕೂತು ಮಸೆದಿದ್ದು ಯಾರು? ಪಾಪ, ಅವಳಿಗೆ ಮೊದಲ ದಿನ ಹಿಡಿಯೋಕೆ ಬರ್ಲಿಲ್ಲ, ಕೈ ಕುಯ್ಕೊಂಡ್ಲು. ಆಮೇಲೆ ಕೂರಿಸ್ಕೊಂಡು ಹೇಳ್ಕೊಟ್ಟೆ. ತಗೊಳ್ಳಿ, ನೀವೇ ನೋಡಿ ಅಳಿಯಂದಿರೇ." ಅಕ್ಕ ಬೇಡವೆನ್ನುವ ಮೊದಲೇ ಚೀಲದಿಂದ ಅವಳ ಚಾಕು ತೆಗೆದು, ಬಲಗೈಯಲ್ಲಿ ಹಿಡಿದು, ಹಣ್ಣಿನ ಮೇಲೆ ಇಳಿಸಿದ.

ಚಾಕು ಬಲಕ್ಕೆ ಓಡಿತು. ಹೋಳು ಬೆಣೆಯಾಯಿತು. ಮತ್ತೆ ಇಳಿಸಿದ, ಮತ್ತೆ ಬೆಣೆ. ಅವನು ಅಲಗನ್ನು ಕಣ್ಣ ಹತ್ತಿರ ತಂದು, "ಯಾರೋ ಕೆಡಿಸಿದ್ದಾರೆ! ಇಳಿಜಾರು ಉಲ್ಟಾ ಆಗಿದೆ!" ಎಂದು ಕೂಗಿದ.

ಮಗಳು ನಕ್ಕಳು. "ಕೆಡಿಸಿಲ್ಲ ಕಣಪ್ಪ, ಎಡಗೈಗೆ ಅಂತ ಮಸೆದಿರೋದು. ಅಮ್ಮ ಎಡಚಿ ಅಲ್ವಾ?"

"ಯಾರು?"

"ಅಮ್ಮ!"

ಮಗಳ ನಗು ನಡುವೆಯೇ ನಿಂತಿತು. ಅಪ್ಪ ತಮಾಷೆ ಮಾಡುತ್ತಿಲ್ಲ ಎಂದು ಅವಳಿಗೆ ಗೊತ್ತಾಯಿತು. ಅಳಿಯ ಹಣ್ಣಿನ ಬೀಜಗಳನ್ನು ನೋಡುತ್ತಾ ಕೂತ. ಮೀಟರಪ್ಪ ಚಾಕು ಹಿಡಿದುಕೊಂಡೇ ಹೆಂಡತಿಯ ಕಡೆ ತಿರುಗಿದ.

"ಯಾವಾಗಿಂದ?" ಎಂದು ಕೇಳಿದ.

ಈ ಪ್ರಶ್ನೆಗೆಂದು ಅಕ್ಕ ಎಷ್ಟೋ ಉತ್ತರಗಳನ್ನು ಸಿದ್ಧಮಾಡಿ ಇಟ್ಟುಕೊಂಡಿದ್ದಳು. ಒಂದಕ್ಕಿಂತ ಒಂದು ಖಾರದವು. ಈಗ ಅವೆಲ್ಲ ಸಪ್ಪೆ ಅನ್ನಿಸಿದವು. ಪಂದ್ಯ ಗೆದ್ದ ಸಂತೋಷವೂ ಬರಲಿಲ್ಲ. ಇಂಥವನು ನೋಡಲಿ ಎಂದು ಇಷ್ಟು ವರ್ಷ ಕಾದು ಕೂತಿದ್ದೆನಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

"ಮೆಟ್ಟಿಲ ಕೆಳಗೆ ಟಾರ್ಚ್ ಹಿಡಿದು ನಿಂತಿದ್ನಲ್ಲ, ಅದಕ್ಕೂ ಮುಂಚಿನಿಂದ," ಎಂದಳು. "ಯಾವ ಕೈಲಿ ಹಿಡಿದಿದ್ದೆ? ಹೇಳಿ ನೋಡೋಣ."

ಮೀಟರಪ್ಪ ಬಾಯಿ ತೆರೆದ. "ನಾಲ್ಕು ಸಾವಿರದ ಏಳ್ನೂರ..." ಎಂದು ಶುರುಮಾಡಿ ಮಗಳ ಮುಖ ನೋಡಿದ.

ಅಕ್ಕ ಅವನ ಕೈಯಿಂದ ಚಾಕು ತೆಗೆದುಕೊಂಡು ಹಣ್ಣನ್ನು ತನ್ನ ಕಡೆ ಎಳೆದುಕೊಂಡಳು.

"ಸ್ವಲ್ಪ ಆ ಕಡೆ ಸರೀರಿ," ಎಂದಳು. "ಬೆಳಕಿಗೆ ಅಡ್ಡ ನಿಂತಿದ್ದೀರಿ."

ಅವನು ಸರಿದ. ಗೋಡೆಗೆ ಆತು ನಿಂತು, ಹಣ್ಣು ಹೆಚ್ಚುತ್ತಿದ್ದ ಅವಳ ಕೈಯನ್ನು ನೋಡತೊಡಗಿದ. ಅಕ್ಕ ತಲೆಯೆತ್ತಲಿಲ್ಲ. ಹೋಳುಗಳನ್ನು ತಟ್ಟೆಗೆ ಹಾಕಿ ಅಳಿಯನ ಮುಂದಿಟ್ಟಳು.